ಕಿಲಿಮಂಜಾರೋ ಹತ್ತದಿದ್ದರೂ ಪರವಾಗಿಲ್ಲ, ಅದರ ತೋಟದಲ್ಲಿ ಎರಡು ದಿನ ಕೂತು ಬನ್ನಿ

ಪ್ರಶ್ನೆ: ನಾವು ಮೈಸೂರಿನವರು. ಏಪ್ರಿಲ್ ಕೊನೆಯಲ್ಲಿ, ಮಗಳ ಬೇಸಿಗೆ ರಜೆಗೆ, ಟಾಂಜಾನಿಯಾಗೆ ಹೋಗುವ ಯೋಚನೆ ಇದೆ. ಸೆರೆಂಗೆಟಿ ಸಫಾರಿ ಮುಗಿದ ಮೇಲೆ ಐದು ದಿನ ಉಳಿಯುತ್ತದೆ. ನಾನು, ನಮ್ಮ ಯಜಮಾನರು, 13 ವರ್ಷದ ಮಗಳು, 68 ವರ್ಷದ ಅತ್ತೆ. ಎಲ್ಲರೂ ಸಸ್ಯಾಹಾರಿಗಳು. ಶಿಖರ ಹತ್ತುವವರು ಯಾರೂ ಇಲ್ಲ. ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ಮಾಸಾಯಿ ಹಳ್ಳಿ, ಚಗ್ಗಾ ಹಳ್ಳಿ, ಕಾಫಿ ಟೂರ್, ಜಲಪಾತ, ಬಿಸಿನೀರಿನ ಬುಗ್ಗೆ ಅಂತ ದಿನಕ್ಕೊಂದು ಇದೆ. ಇವೆಲ್ಲ ನಿಜವಾದ ಹಳ್ಳಿಗಳಾ, ಇಲ್ಲ ಪ್ರವಾಸಿಗರಿಗೆ ಮಾಡಿಟ್ಟ ನಾಟಕವಾ? ನೀವಾಗಿದ್ದರೆ ಆ ಐದು ದಿನ ಏನು ಮಾಡುತ್ತಿದ್ದಿರಿ?

ಉತ್ತರ:

ಪಟ್ಟಿ ನೋಡಿದೆ ಮೇಡಂ. ಅದರಲ್ಲಿರುವ ಜಾಗಗಳೆಲ್ಲ ನಿಜವೇ. ಸುಳ್ಳು ಇರೋದು "ದಿನಕ್ಕೊಂದು" ಅನ್ನೋದರಲ್ಲಿ. ಬೆಳಗ್ಗೆ ಜೀಪಿನಲ್ಲಿ ಇಳಿದು ಮಧ್ಯಾಹ್ನ ಹತ್ತಿ ಹೊರಡುವವರಿಗೆ ಯಾವ ಊರಾದರೂ ನಾಟಕವನ್ನೇ ತೋರಿಸುತ್ತದೆ. ಅವರಿಗೆ ಬೇರೆ ದಾರಿ ಏನಿದೆ ಹೇಳಿ? ನಿಮ್ಮ ಮನೆಗೆ ಗುರುತಿಲ್ಲದ ಹನ್ನೆರಡು ಜನ ಕ್ಯಾಮೆರಾ ಹಿಡಿದು ಬಂದು "ನಿಮ್ಮ ಸಂಸ್ಕೃತಿ ಎರಡು ಗಂಟೆಯಲ್ಲಿ ತೋರಿಸಿ" ಅಂದರೆ ನೀವೂ ರೇಷ್ಮೆ ಸೀರೆ ಉಟ್ಟು ಆರತಿ ತಟ್ಟೆ ಹಿಡಿದು ನಿಲ್ಲುತ್ತೀರಿ.

ನಾನು ಮೂಡಿಗೆರೆ ಕಡೆಯವನು. ಕಾಫಿ ಕೆಲಸದ ಮೇಲೆ ಹೋಗಿ ಮೋಶಿಯಲ್ಲಿ ಒಂಬತ್ತು ವರ್ಷ ಇದ್ದೆ. ಅಷ್ಟು ವರ್ಷ ಕಿಲಿಮಂಜಾರೋ ಬುಡದಲ್ಲಿದ್ದೂ ತುದಿ ಹತ್ತಲಿಲ್ಲ. ಅದಕ್ಕೆ ನಾಚಿಕೆಯೂ ಇಲ್ಲ. ಆ ಬೆಟ್ಟದಲ್ಲಿ ಜನ ಬದುಕಿರೋದು 5,895 ಮೀಟರಿನಲ್ಲಲ್ಲ, ಸುಮಾರು 1,000ದಿಂದ 1,800 ಮೀಟರ್ ನಡುವಿನ ತೋಟಗಳಲ್ಲಿ. ನನ್ನ ಉತ್ತರ ಆ ಪಟ್ಟಿಯ ಬಗ್ಗೆ, ಆಮೇಲೆ ಅಲ್ಲಿಂದ ಅರ್ಧ ದಿನದ ದಾರಿಯಲ್ಲಿರುವ ಉಸಾಂಬರಾ ಬೆಟ್ಟಗಳ ಬಗ್ಗೆ.

ಆದರೆ ಮೊದಲು ತಿಂಗಳು ಬದಲಾಯಿಸಿ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ಮಸಿಕಾ, ಅಂದರೆ ದೊಡ್ಡ ಮಳೆ. ನಮ್ಮ ಬೇಸಿಗೆ ರಜೆಯ ಹೊತ್ತು ಅಲ್ಲಿ ನಮ್ಮ ಜುಲೈ ಇದ್ದ ಹಾಗೆ. ಬೆಟ್ಟದ ಮಣ್ಣುದಾರಿಗಳು ಜಾರುತ್ತವೆ, ಕಿಲಿಮಂಜಾರೋ ವಾರಗಟ್ಟಲೆ ಮೋಡದೊಳಗೆ ಕೂತಿರುತ್ತದೆ, ಹತ್ತಿರವೇ ಇದ್ದರೂ ಒಂದು ದಿನವೂ ಮುಖ ತೋರಿಸದೆ ಕಳಿಸಿಬಿಡಬಹುದು. ಏಜೆಂಟರು ಈ ತಿಂಗಳಲ್ಲಿ ರೇಟು ಇಳಿಸೋದು ಪ್ರೀತಿಯಿಂದ ಅಲ್ಲ. ನಿಮಗೆ ದಸರಾ ರಜೆ ಸಿಗುತ್ತದಲ್ವಾ? ಅಕ್ಟೋಬರ್ ಒಳ್ಳೆಯದು. ಸಣ್ಣ ಮಳೆ, ಅವರು ವುಲಿ ಅನ್ನೋದು, ಮುಖ್ಯವಾಗಿ ನವೆಂಬರ್, ಡಿಸೆಂಬರ್‌ನದು. ಜೊತೆಗೆ ಕಿಲಿಮಂಜಾರೋದ ಕಾಫಿ ಕೊಯ್ಲು ಜುಲೈನಿಂದ ಡಿಸೆಂಬರ್ ತನಕ ನಡೆಯುತ್ತದೆ. ದಸರಾದಲ್ಲಿ ಹೋದರೆ ಗಿಡದ ಮೇಲೆ ಕೆಂಪು ಹಣ್ಣು ಸಿಗುತ್ತದೆ. ಏಪ್ರಿಲ್‌ನಲ್ಲಿ ಕಾಫಿ ಟೂರ್ ಅಂದರೆ ಡಬ್ಬಿಯಲ್ಲಿಟ್ಟ ಬೀಜ ತೋರಿಸಿ ಕಥೆ ಹೇಳೋದು, ಅಷ್ಟೆ. ಕ್ರಿಸ್‌ಮಸ್ ರಜೆ ಬೇಡ. ಡಿಸೆಂಬರ್ ಕೊನೆಗೆ ದೊಡ್ಡ ಪಟ್ಟಣವಾದ ದಾರ್ ಎಸ್ ಸಲಾಮ್‌ನಲ್ಲಿರುವ ಚಗ್ಗಾ ಜನರೆಲ್ಲ, ಅಂದರೆ ಈ ಕಿಲಿಮಂಜಾರೋ ಬೆಟ್ಟದವರು, ಊರಿಗೆ ಬರುತ್ತಾರೆ, ನಮ್ಮಲ್ಲಿ ಹಬ್ಬಕ್ಕೆ ಬೆಂಗಳೂರು ಖಾಲಿಯಾಗುವ ಹಾಗೆ. ಬಸ್ಸೂ ಸಿಗಲ್ಲ, ಕೋಣೆಯೂ ಸಿಗಲ್ಲ.

ಟಿಕೆಟ್ ಮಾಡಿಸುವ ಮೊದಲು ಇನ್ನೊಂದು ಕೆಲಸ. ಬೆಂಗಳೂರಿನಿಂದ ಆಡಿಸ್ ಅಬಾಬಾ ಮೂಲಕವೋ ಮುಂಬೈನಿಂದ ನೈರೋಬಿ ಮೂಲಕವೋ ಹೋದರೆ ಹಳದಿ ಜ್ವರದ ಕಾರ್ಡಿನ ಪ್ರಶ್ನೆ ಬರುತ್ತದೆ. ಚುಚ್ಚುಮದ್ದು ಹಾಕಿಸಿ ಹತ್ತು ದಿನ ಆದ ಮೇಲೇ ಆ ಕಾರ್ಡಿಗೆ ಬೆಲೆ. ವಾಪಸ್ ಬರುವಾಗ ಕಾರ್ಡ್ ಇಲ್ಲದೆ ಸಿಕ್ಕಿಹಾಕಿಕೊಂಡರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ನೀವು, ಯಜಮಾನರು, ಮಗಳು ಹಾಕಿಸಿಕೊಂಡುಬಿಡಿ. ಅತ್ತೆಯವರ ವಿಷಯ ಬೇರೆ. 60 ದಾಟಿದವರಿಗೆ ಆ ಲಸಿಕೆಯ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ, ಹಾಗಾಗಿ ಅವರ ಡಾಕ್ಟರನ್ನು ಮೊದಲು ಕೇಳಿ. ಲಸಿಕೆ ಬೇಡ ಅಂದರೆ ಅದಕ್ಕೆ ವೈದ್ಯಕೀಯ ವಿನಾಯಿತಿ ಪತ್ರ ಬರೆಸಿಕೊಳ್ಳಿ. ಮಲೇರಿಯಾ ಮಾತ್ರೆ ಬಗ್ಗೆಯೂ ಅಲ್ಲೇ ಕೇಳಿಬಿಡಿ. ಬೆಟ್ಟದ ಮೇಲೆ ಸೊಳ್ಳೆ ಕಾಟ ಕಡಿಮೆ, ಆದರೆ ಮೋಶಿ ಪಟ್ಟಣ, ಕೆಳಗಿನ ಬಯಲು, ಸಫಾರಿ ಜಾಗಗಳು ಎಲ್ಲ ಮಲೇರಿಯಾ ಸೀಮೆಯೇ.

ಈಗ ಪಟ್ಟಿಗೆ ಬರೋಣ. ಬಿಸಿನೀರಿನ ಬುಗ್ಗೆ ಹೊಡೆದುಹಾಕಿ. ಚೆಮ್ಕಾ ಅಂತ ಅದರ ಹೆಸರು. ನೀಲಿ ನೀರು, ಅತ್ತಿ ಮರಗಳ ಬೇರು, ಚೆನ್ನಾಗಿದೆ. ಆದರೆ ನೀರು ಬಿಸಿ ಇಲ್ಲ. ಹೆಸರಿಗೆ ಮಾತ್ರ ಬಿಸಿ. ಈಜು ಬರುವ ಹುಡುಗರು ಹಗ್ಗ ಹಿಡಿದು ಹಾರುವ ಜಾಗ ಅದು, ಅತ್ತೆಯವರು ದಂಡೆಯಲ್ಲಿ ಕೂತು ಚಪ್ಪಲಿ ಕಾಯಬೇಕಾಗುತ್ತದೆ.

ಮಾಸಾಯಿ ಹಳ್ಳಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗೊರೊಂಗೊರೋ ದಾರಿಯಲ್ಲಿ ಜೀಪ್ ನಿಲ್ಲಿಸಿ ತೋರಿಸುವ ಬೊಮಾಗಳಲ್ಲಿ, ಅಂದರೆ ಬೇಲಿ ಸುತ್ತಿದ ಹಟ್ಟಿಗಳಲ್ಲಿ, ಕುಣಿತ, ಜಿಗಿತ, ಒಂದು ಗುಡಿಸಲು, ಒಂದು ಶಾಲೆ, ಕೊನೆಗೆ ಮಣಿಸರದ ಅಂಗಡಿ, ಎಲ್ಲ ಒಂದೇ ಕ್ರಮದಲ್ಲಿ ನಡೆಯುತ್ತದೆ. ಅದನ್ನು ನಾಟಕ ಅಂತ ಬೈಯುವ ಮುಂಚೆ ಒಂದು ಗೊತ್ತಿರಲಿ. ಇವರ ಹಿರಿಯರು ದನ ಮೇಯಿಸುತ್ತಿದ್ದದ್ದು ಸೆರೆಂಗೆಟಿಯಲ್ಲಿ. ಅದು ರಾಷ್ಟ್ರೀಯ ಉದ್ಯಾನ ಆದ ಮೇಲೆ 1959ರಲ್ಲಿ ಅವರನ್ನು ಗೊರೊಂಗೊರೋ ಕಡೆಗೆ ಕಳಿಸಿದರು. 2022ರಿಂದ ಅಲ್ಲಿಂದಲೂ ಎಬ್ಬಿಸಿ ದೂರದ ಎಂಸೊಮೆರಾಗೆ ಕಳಿಸುವ ಕೆಲಸ ನಡೆದಿದೆ, ಅದರ ಮೇಲೆ ದೊಡ್ಡ ಜಗಳವೇ ಇದೆ. ಬೇಸಾಯ ಮಾಡುವ ಹಾಗಿಲ್ಲ, ಮೇವಿಗೂ ಕಟ್ಟಳೆ. ಕುಣಿದು ಮಣಿ ಮಾರದೆ ಇನ್ನೇನು ಮಾಡಬೇಕು? ಹೋಗಲೇಬೇಕು ಅಂದರೆ ಹೋಗಿ, ಕೊಡುವ ದುಡ್ಡು ಡ್ರೈವರ್ ಕೈಗಲ್ಲದೆ ಹಳ್ಳಿಯ ಹಿರಿಯರ ಕೈಗೇ ಕೊಡಿ. ನಾನಾದರೆ ಬಿಟ್ಟುಬಿಡುತ್ತೇನೆ. ಅರ್ಧ ಗಂಟೆಯ ಭೇಟಿಯಿಂದ ಅವರ ಬದುಕು ನಮಗೆ ತಿಳಿಯಲ್ಲ, ಮಗಳು ಮಾತ್ರ "ಮಾಸಾಯಿ ಅಂದರೆ ಜಿಗಿಯುವವರು" ಅಂತ ತಿಳಿದುಕೊಂಡು ಬರುತ್ತಾಳೆ.

ಉಳಿದದ್ದು ಚಗ್ಗಾ ಹಳ್ಳಿ, ಕಾಫಿ, ಜಲಪಾತ. ಇವು ಮೂರೂ ಬೇರೆ ಬೇರೆ ಅಲ್ಲ, ಒಂದೇ ಜಾಗ! ಏಜೆಂಟ್ ಒಂದನ್ನೇ ಮೂರು ಮಾಡಿ ಮಾರುತ್ತಿದ್ದಾನೆ. ಮರಂಗು ಅಥವಾ ಮಚಾಮೆ ಕಡೆ ಒಂದು ಮನೆಯಲ್ಲೋ ಸಣ್ಣ ಗೆಸ್ಟ್‌ಹೌಸಿನಲ್ಲೋ ಎರಡು ರಾತ್ರಿ ಉಳಿದರೆ ಮೂರೂ ಕಾಲ್ನಡಿಗೆಯಲ್ಲೇ ಆಗುತ್ತವೆ. ಮೋಶಿಯಿಂದ ಸುಮಾರು 15 ಕಿಲೋಮೀಟರ್ ಮೇಲಿರುವ ಮಟೆರುನಿಯಲ್ಲಿ ಜಲಪಾತ ದೊಡ್ಡದು, ಆದರೆ ಜನವೂ ಜಾಸ್ತಿ, ಇಳಿಜಾರೂ ಜಾಸ್ತಿ. ಅತ್ತೆಯವರ ಮೊಣಕಾಲಿಗೆ ಮರಂಗುವೇ ವಾಸಿ.

ಚಗ್ಗಾ ಜನರ ತೋಟಕ್ಕೆ ಕಿಹಂಬ ಅನ್ನುತ್ತಾರೆ. ನಾನು ಮೊದಲ ಸಲ ಒಳಗೆ ಹೋದಾಗ ಒಂದು ನಿಮಿಷ ನಮ್ಮೂರಿಗೇ ಬಂದೆನಾ ಅನ್ನಿಸಿತ್ತು. ಮೇಲೆ ದೊಡ್ಡ ಮರ, ಅದರಲ್ಲಿ ನಮ್ಮ ಸಿಲ್ವರ್ ಓಕ್ ಕೂಡ ಇದೆ (ಅದು ಆಸ್ಟ್ರೇಲಿಯಾದಿಂದ ನಮಗೂ ಬಂತು, ಅವರಿಗೂ ಬಂತು). ಅದರ ಕೆಳಗೆ ಬಾಳೆ, ಬಾಳೆ ನೆರಳಿನಲ್ಲಿ ಕಾಫಿ, ಅದರ ಬುಡದಲ್ಲಿ ಕೆಸು, ಗೆಣಸು, ಹುರುಳಿಕಾಯಿ. ಮೂಲೆಯಲ್ಲಿ ಕೊಟ್ಟಿಗೆ. ಹಸು, ಆಡುಗಳನ್ನು ಹೊರಗೆ ಬಿಡಲ್ಲ, ಬಾಳೆದಿಂಡು ಕೊಚ್ಚಿ ಅಲ್ಲೇ ಹಾಕುತ್ತಾರೆ, ಗೊಬ್ಬರ ವಾಪಸ್ ಬಾಳೆ ಬುಡಕ್ಕೆ. ನಮ್ಮ ಎಸ್ಟೇಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅಂದರೆ ಅಳತೆ. ಬಹುತೇಕ ತೋಟಗಳು ಎರಡು ಎಕರೆ ಸಹ ಇಲ್ಲ. ಅಷ್ಟರಲ್ಲೇ ಮನೆ, ಊಟ, ಫೀಸು, ಹಿರಿಯರ ಸಮಾಧಿ ಎಲ್ಲ. ಶಿಂಬ್ವೆ ಜೂವು ಅನ್ನುವ ಊರಿನ ಕಿಹಂಬ ತೋಟಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ತೋಟದ ಬೇಲಿಯಲ್ಲಿ ಉದ್ದ ಎಲೆಯ ಒಂದು ಗಿಡ ನೋಡುತ್ತೀರಿ. ಅದರ ಹೆಸರು ಮಸಾಲೆ. ಹೌದು, ಮಸಾಲೆ! ಅಡುಗೆಗೆ ಸಂಬಂಧ ಇಲ್ಲ. ಅದು ಎಲ್ಲೆಕಲ್ಲೂ ಹೌದು, ಕ್ಷಮೆಯ ಗುರುತೂ ಹೌದು. ಯಾರ ಜೊತೆಗಾದರೂ ಜಗಳ ಆಗಿ, ತಪ್ಪು ನಿಮ್ಮದಾಗಿದ್ದರೆ, ಈ ಎಲೆ ಹಿಡಿದು ಅವರ ಮನೆಗೆ ಹೋಗಬೇಕು. ಎಲೆ ತಂದವನನ್ನು ವಾಪಸ್ ಕಳಿಸೋದು ಸಣ್ಣ ಮಾತಲ್ಲ. ಇದನ್ನು ಗೈಡ್ ತಾನಾಗಿ ಹೇಳಲಿಕ್ಕಿಲ್ಲ, ನೀವೇ ಬೇಲಿ ತೋರಿಸಿ ಕೇಳಿ. ಆಮೇಲೆ ಅವರಾಗೇ ಮನೆಯ ಜಗಳಗಳ ಕಥೆ ಶುರು ಮಾಡುತ್ತಾರೆ, ಅದು ಯಾವ ಟೂರಿಗಿಂತಲೂ ಮಜಾ.

ಹಾಗೇ ನೀರಿನ ಕಾಲುವೆ ಕೇಳಿ. ಎಂಫೊಂಗೊ ಅನ್ನುತ್ತಾರೆ. ಮೇಲಿನ ಕಾಡಿನ ತೊರೆಯಿಂದ ಬೆಟ್ಟದ ಇಳಿಜಾರು ಹಿಡಿದು, ಅಳತೆಯ ಉಪಕರಣ ಯಾವುದೂ ಇಲ್ಲದ ಕಾಲದಲ್ಲಿ, ಕಣ್ಣಂದಾಜಿನಲ್ಲೇ ತೋಡಿದ್ದು. ಜರ್ಮನರು ಬಂದು ಈ ಸೀಮೆಯನ್ನು ಆಳುವ ಎಷ್ಟೋ ಮುಂಚಿನಿಂದ ಇವೆ. ಯಾರ ಸರದಿ ಯಾವ ಹೊತ್ತು, ಹೂಳು ಎತ್ತಲು ಬರದವನಿಗೆ ದಂಡ ಎಷ್ಟು, ಎಲ್ಲ ಆಯಾ ಕುಲದವರ ಲೆಕ್ಕ. ನಮ್ಮ ಕೆರೆಗಳ ನೀರುಗಂಟಿ ಪದ್ಧತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಕಾಫಿ ಟೂರ್ ಹೇಗಿರುತ್ತದೆ ಅಂದರೆ, ಹಣ್ಣು ಕೀಳಿಸುತ್ತಾರೆ, ಕೈಯಂತ್ರದಲ್ಲಿ ಸಿಪ್ಪೆ ಬಿಡಿಸುತ್ತಾರೆ, ಒಣಗಿಸಿಟ್ಟ ಬೀಜವನ್ನು ಮರದ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿಸುತ್ತಾರೆ, ಕುಟ್ಟುವಾಗ ಎಲ್ಲರೂ ಸೇರಿ ಹಾಡುತ್ತಾರೆ, ಮಡಕೆಯಲ್ಲಿ ಹುರಿದು ಅಲ್ಲೇ ಡಿಕಾಕ್ಷನ್ ಮಾಡಿ ಕೊಡುತ್ತಾರೆ. ಹಾಡು ಪ್ರವಾಸಿಗರಿಗಾಗಿಯೇ. ಇರಲಿ ಬಿಡಿ, ಒನಕೆ ಹಿಡಿದು ಹಾಡೋದು ಅತ್ತೆಯವರಿಗೆ ಹೊಸದೇನಲ್ಲ, ಬೇಕಾದರೆ ಅವರೇ ನಮ್ಮ ಕಡೆಯ ಒಂದು ಪದ ಹೇಳಲಿ, ಒರಳಿನ ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಾರೆ. ಆದರೆ ಕಾಫಿಯ ನಿಜವಾದ ಕಥೆ ಹಾಡಿನಲ್ಲಿಲ್ಲ. ಇಲ್ಲಿನ ರೈತರು 1933ರಲ್ಲೇ ಸ್ವಂತ ಸಹಕಾರ ಸಂಘ ಕಟ್ಟಿದವರು, ಕಾಫಿ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದವರು. ಆಮೇಲೆ ಬೆಲೆ ಬಿದ್ದಾಗ ಎಷ್ಟೋ ಮಂದಿ ಗಿಡ ಕಿತ್ತು ತರಕಾರಿ, ಬಾಳೆ ಹಾಕಿದರು. "ಹತ್ತು ವರ್ಷದ ಹಿಂದೆ ಇಲ್ಲಿ ಎಷ್ಟು ಗಿಡ ಇತ್ತು?" ಅಂತ ಮನೆಯ ಯಜಮಾನನನ್ನು ಕೇಳಿ ನೋಡಿ. ಮೂಡಿಗೆರೆಯಲ್ಲಿ ಕೇಳುವ ಗೋಳೇ ಸ್ವಾಹಿಲಿಯಲ್ಲಿ ಕೇಳಿಸುತ್ತದೆ.

ಅಲ್ಲಿ ಬಾಳೆಹಣ್ಣಿನ ಬಿಯರ್ ಕುಡಿಸುತ್ತಾರೆ, ಎಂಬೆಗೆ ಅಂತ. ನೀವು ಕುಡಿಯದಿದ್ದರೂ ಮಾಡೋದನ್ನು ನೋಡಿ, ಯಾಕೆಂದರೆ ಅದರ ಜೀವ ಇರೋದು ರಾಗಿಯಲ್ಲಿ. ಹಣ್ಣಾದ ಬಾಳೆ ಬೇಯಿಸಿ ಹುಳಿ ಬರಿಸುತ್ತಾರೆ, ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಗಂಜಿ ಅದಕ್ಕೆ ಸೇರಿಸುತ್ತಾರೆ, ಕಹಿಗೆ ಎಂಸೆಸೆವಾ ಮರದ ತೊಗಟೆ. ನಮ್ಮ ರಾಗಿಯ ತವರೇ ಈ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಇಥಿಯೋಪಿಯಾ, ಉಗಾಂಡ ಕಡೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆ ಬಂತು. ಮಂಡ್ಯದ ಗದ್ದೆಬದಿಯಲ್ಲಿ ಹುಟ್ಟಿದ್ದು ಅಂತ ನಾವು ತಿಳಿದಿದ್ದ ಕಾಳು ಅಲ್ಲಿ ಅಜ್ಜಿಯ ಮೊರದಲ್ಲಿ ಕಾಣಿಸಿದಾಗ ನನಗಂತೂ ಮಾತು ನಿಂತಿತ್ತು.

ಮರಂಗುವಿನಲ್ಲಿ ಬೆಳಗ್ಗೆ ಆರಕ್ಕೇ ಏಳಿ. ಹತ್ತು ಗಂಟೆ ಹೊತ್ತಿಗೆ ಮೋಡ ಏರಿಬಿಡುತ್ತದೆ. ಆರಕ್ಕೆ ಬಾಳೆ ಎಲೆಗಳ ಮೇಲೆ ಎರಡು ಶಿಖರ ಕಾಣುತ್ತವೆ. ನುಣ್ಣಗೆ ಬಿಳಿ ಟೋಪಿ ಹಾಕಿದ್ದು ಕಿಬೋ, ಪಕ್ಕದಲ್ಲಿ ಹಲ್ಲು ಮುರಿದ ಹಾಗೆ ಇರೋದು ಮವೆಂಜಿ. ಊರವರ ಕಥೆಯಲ್ಲಿ ಮವೆಂಜಿ ಸೋಮಾರಿಯಂತೆ. ಒಲೆಗೆ ಕೆಂಡ ಬೇಕು ಅಂತ ಪದೇ ಪದೇ ಕಿಬೋ ಮನೆಗೆ ಬರೋದು, ಬಂದವನು ಊಟವನ್ನೂ ಮಾಡಿಕೊಂಡು ಹೋಗೋದು. ಒಂದು ದಿನ ತಾಳ್ಮೆ ಕೆಟ್ಟು ಕಿಬೋ ಒನಕೆಯಲ್ಲೇ ಬಾರಿಸಿದನಂತೆ, ಅದಕ್ಕೇ ಅವನ ತಲೆ ಹಾಗೆ. ಒನಕೆ ಅಂದರೆ ನಮಗೆ ಓಬವ್ವ ನೆನಪಾಗಬೇಕು ಅಲ್ವಾ, ಅವರಿಗೆ ಕಿಬೋ. ಕಿಬೋನ ಬಿಳಿ ಟೋಪಿಯೂ ಕರಗುತ್ತಿದೆ. 1912ರಿಂದ 2007ರೊಳಗೆ ಅಲ್ಲಿನ ಹಿಮದ ಹೊದಿಕೆ ಸುಮಾರು 85% ಹೋಗಿತ್ತು. ಮಗಳಿಗೆ ತೋರಿಸುವುದಿದ್ದರೆ ಈಗಲೇ.

ಶಿಖರ ಬೇಡ, ಕಾಡು ಬೇಕು ಅಂದರೆ ಮರಂಗು ಗೇಟಿನಿಂದ ಮಂದಾರಾ ಗುಡಿಸಲುಗಳ ತನಕ ಹೋಗಿ ಅದೇ ದಿನ ವಾಪಸ್ ಬರಬಹುದು. 2,720 ಮೀಟರ್ ಎತ್ತರ, ಹೋಗಲು ಮೂರು ಗಂಟೆ, ದಾರಿ ಚೆನ್ನಾಗಿದೆ. ಕಪ್ಪು ಬಿಳುಪು ಕೊಲೊಬಸ್ ಕೋತಿಗಳು ಸಿಗುತ್ತವೆ. ಕಿಲಿಮಂಜಾರೋ ಬಿಟ್ಟು ಬೇರೆಲ್ಲೂ ಬೆಳೆಯದ ಒಂದು ಪುಟ್ಟ ಹೂವಿದೆ, ಮಳೆಗಾಲದಲ್ಲಿ ನಮ್ಮ ಘಟ್ಟದ ಬಂಡೆಗಳ ಮೇಲೆ ಅರಳುವ ಗೌರಿ ಹೂವಿನ (ಬಾಲ್ಸಮ್) ಬಳಗದ್ದೇ. ಆದರೆ ಉದ್ಯಾನದ ಶುಲ್ಕ ವಿದೇಶಿ ದೊಡ್ಡವರಿಗೆ ದಿನಕ್ಕೆ 70 ಡಾಲರ್, ಅದರ ಮೇಲೆ 18% ತೆರಿಗೆ. ಮಕ್ಕಳಿಗೆ ಕಡಿಮೆ, ಆದರೂ ಮನೆಮಂದಿಗೆಲ್ಲ ಲೆಕ್ಕ ಹಾಕಿ ನೋಡಿ. ನೀವು ಮಗಳ ಜೊತೆ ಹೋಗಿ, ಯಜಮಾನರು ಅತ್ತೆಯವರ ಜೊತೆ ಇರಲಿ, ಅಥವಾ ಯಾರೂ ಹೋಗಬೇಡಿ. ಅಂಥದೇ ಕೋತಿ, ಅಂಥದೇ ಕಾಡು ಮುಂದೆ ಉಸಾಂಬರಾದಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ.

ಹೊರಡುವ ಮುಂಚೆ ಓಲ್ಡ್ ಮೋಶಿಗೆ ಒಂದು ಗಂಟೆ ಕೊಡಿ. ಇಲ್ಲಿನ ಅರಸ ಮಂಗಿ ಮೆಲಿಯನ್ನು ಜರ್ಮನರು 1900ರಲ್ಲಿ ಇನ್ನೂ ಹಲವು ನಾಯಕರ ಜೊತೆ ಗಲ್ಲಿಗೇರಿಸಿದರು. ಅವನ ತಲೆಬುರುಡೆಯನ್ನು ಜರ್ಮನಿಗೆ ಒಯ್ದರು ಅನ್ನೋದು ಊರವರ ನಂಬಿಕೆ, ಮನೆತನದವರು ಅದನ್ನು ದಶಕಗಳಿಂದ ಹುಡುಕುತ್ತಿದ್ದಾರೆ. ಏಜೆಂಟರ ಪಟ್ಟಿಯಲ್ಲಿ ಇದು ಯಾಕೋ ಬರೋದೇ ಇಲ್ಲ.

ಇನ್ನು ಉಳಿದ ಮೂರು ದಿನ. ಇಲ್ಲಿ ನಿಮ್ಮ ವಾಪಸ್ ಟಿಕೆಟ್ ಮುಖ್ಯ. ಕಿಲಿಮಂಜಾರೋ ವಿಮಾನ ನಿಲ್ದಾಣದಿಂದಲೇ ವಾಪಸ್ ಅಂತ ಆಗಿಹೋಗಿದ್ದರೆ ಐದೂ ದಿನ ಮರಂಗುವಿನಲ್ಲೇ ಇರಿ, ಬೇಜಾರಾಗಲ್ಲ. ಇನ್ನೂ ಮಾಡಿಸಿಲ್ಲ ಅಂದರೆ, ಹೋಗುವಾಗ ಕಿಲಿಮಂಜಾರೋದಲ್ಲಿ ಇಳಿಯೋದು, ವಾಪಸ್ ದಾರ್ ಎಸ್ ಸಲಾಮ್‌ನಿಂದ ಹತ್ತೋದು ಅಂತ ಮಾಡಿಸಿ. ಆಗ ಉಸಾಂಬರಾ ದಾರಿಯಲ್ಲೇ ಸಿಗುತ್ತದೆ. ಸುಮ್ನೆ ಅದೇ ರಸ್ತೆಯಲ್ಲಿ ವಾಪಸ್ ಬರುವ ಒಂದು ದಿನ ಉಳಿಯುತ್ತದೆ.

ಮೋಶಿಯಿಂದ ದಾರ್ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಎಡಗಡೆ ಪಾರೆ ಬೆಟ್ಟ, ಅದು ಮುಗಿಯುತ್ತಲೇ ಉಸಾಂಬರಾ. ಬಯಲಿನಲ್ಲಿ ಸಾಲು ಸಾಲು ಕತ್ತಾಳೆ ತೋಟ, 1893ರಲ್ಲಿ ಜರ್ಮನರು ತಂದು ನೆಟ್ಟ ಬೆಳೆ. ಮೊಂಬೊ ಅನ್ನುವ ಬಿಸಿಲಿನ ಊರಿನಲ್ಲಿ ತಿರುಗಿ 33 ಕಿಲೋಮೀಟರ್ ಘಾಟಿ ಹತ್ತಿದರೆ ಲುಶೊಟೊ. ಚಾರ್ಮಾಡಿಯಲ್ಲಿ ವಾಂತಿ ಬರುವವರಿಗೆ ಇಲ್ಲೂ ಬರುತ್ತದೆ, ನಿಂಬೆಹಣ್ಣು ಇಟ್ಟುಕೊಳ್ಳಿ. ಸುಮಾರು 1,400 ಮೀಟರ್ ಎತ್ತರ. ಜರ್ಮನರು ತಮ್ಮ ಚಕ್ರವರ್ತಿಯ ಹೆಸರಿನಲ್ಲಿ ವಿಲ್ಹೆಲ್ಮ್ಸ್‌ಟಾಲ್ ಅಂತ ಕರೆದ ಊರು, ಸೆಖೆ ತಾಳದೆ ಇಲ್ಲಿ ಓಡಿ ಬರುತ್ತಿದ್ದರು. ಊಟಿಗೂ ಇದಕ್ಕೂ ಹುಟ್ಟಿನ ಕಥೆ ಒಂದೇ. ಪುಣ್ಯಕ್ಕೆ ಊಟಿಯ ಗತಿ ಇನ್ನೂ ಬಂದಿಲ್ಲ.

ಇಲ್ಲಿನವರು ಶಾಂಬಾ ಜನ. ಅವರ ಅರಸುಮನೆತನದ ಕಥೆ ಕೇಳಿ: ಎಂಬೆಘಾ ಅನ್ನುವ ಕಾಡುಹಂದಿ ಬೇಟೆಗಾರ ಹೊರಗಿನಿಂದ ಬಂದ, ಊರವರಿಗೆ ಮಾಂಸ ಹಂಚಿದ, ಅವರು ಇವನಿಗೆ ಕಾಳುಕಡ್ಡಿ ಕೊಟ್ಟರು, ದನಕ್ಕೆ ಬಿದ್ದ ಸಿಂಹವನ್ನು ಅವನು ಕೊಂದ, ಜನ ಅವನನ್ನೇ ರಾಜನನ್ನಾಗಿ ಮಾಡಿಕೊಂಡರು. ಸಳ ಹುಲಿ ಹೊಡೆದು ಹೊಯ್ಸಳ ಆದ ಕಥೆ ಓದಿ ಬೆಳೆದ ಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ರಾಜಧಾನಿ ವುಗಾ. ಮಳೆ ತರಿಸೋದೂ ನಿಲ್ಲಿಸೋದೂ ರಾಜನ ಕೈಯಲ್ಲಿದೆ ಅಂತ ನಂಬಿದ್ದರು, ಆದ್ದರಿಂದ ಬರ ಬಂದರೆ ಜನ ನೋಡುತ್ತಿದ್ದದ್ದು ಆಕಾಶವನ್ನಲ್ಲ, ಅರಮನೆಯನ್ನು.

ಬೆಟ್ಟದ ತುಂಬ ಮೆಟ್ಟಿಲು ಹೊಲ ನೋಡಿ "ಎಷ್ಟು ಚೆಂದ" ಅನ್ನುತ್ತೀರಿ. ಅದರ ಹಿಂದೆ ಒಂದು ಜಗಳ ಇದೆ. 1940ರ ದಶಕದ ಕೊನೆಗೆ, 1950ರ ದಶಕದಲ್ಲಿ, ಜರ್ಮನರ ನಂತರ ಇಲ್ಲಿ ಆಳಿದ ಬ್ರಿಟಿಷ್ ಅಧಿಕಾರಿಗಳು ಮಣ್ಣು ಕೊಚ್ಚಿಹೋಗುತ್ತಿದೆ ಅಂತ ಮೆಟ್ಟಿಲು, ಬದು ಕಟ್ಟಲು ಜನರನ್ನು ಬಲವಂತ ಮಾಡಿದರು. ಕೆಲಸದ ಬಹುಪಾಲು ಬಿದ್ದದ್ದು ಹೆಂಗಸರ ಮೇಲೆ. ಜನ ತಿರುಗಿಬಿದ್ದರು, ಯೋಜನೆ ಬಿಟ್ಟುಹೋಯಿತು. ಮಣ್ಣಿನ ವಿಷಯದಲ್ಲಿ ಸರ್ಕಾರದವರು ಹೇಳಿದ್ದು ತಪ್ಪೇನಲ್ಲ, ಹೇಳಿದ ರೀತಿ ತಪ್ಪು. ಇವತ್ತು ಅದೇ ಹೊಲಗಳಿಂದ ಕೋಸು, ಕ್ಯಾರೆಟ್, ಟೊಮೇಟೊ ದಾರ್ ಎಸ್ ಸಲಾಮ್‌ಗೆ ಹೋಗುತ್ತದೆ.

ಲುಶೊಟೊದಿಂದ ಇರೆಂಟೆ ಅನ್ನುವ ಬಂಡೆತುದಿಗೆ ಐದಾರು ಕಿಲೋಮೀಟರ್ ನಡಿಗೆ. ಅತ್ತೆಯವರು ಕಾರಿನಲ್ಲೇ ಬರಬಹುದು. ಅಲ್ಲಿ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ, ಕೆಳಗೆ ಸಾವಿರ ಮೀಟರಿನಷ್ಟು ಆಳದಲ್ಲಿ ಬಯಲು. ದಾರಿಯಲ್ಲೇ ಚರ್ಚಿನವರು ನಡೆಸುವ ಇರೆಂಟೆ ಫಾರ್ಮ್ ಇದೆ. ತಮ್ಮದೇ ಬ್ರೆಡ್ಡು, ಚೀಸು, ಜಾಮು, ತರಕಾರಿ. ಇಡೀ ಪ್ರವಾಸದಲ್ಲಿ ನೀವು ಏನೂ ವಿಚಾರಿಸದೆ ತಟ್ಟೆಗೆ ಕೈ ಹಾಕಬಹುದಾದ ಊಟ ಅದೊಂದೇ ಇರಬಹುದು.

ಇನ್ನೊಂದು ದಿನ ಮಗಾಂಬಾ ಕಾಡು. ಉಸಾಂಬರಾ ಕಾಡುಗಳು ಲಕ್ಷಾಂತರ ವರ್ಷ ಬಯಲಿನ ನಡುವೆ ದ್ವೀಪದ ಹಾಗೆ ಒಂಟಿಯಾಗಿ ಉಳಿದವು, ಆದ್ದರಿಂದ ಬೇರೆಲ್ಲೂ ಇಲ್ಲದ ಜೀವಗಳು ಇಲ್ಲಿವೆ. ನಮ್ಮ ಶೋಲಾ ಕಾಡುಗಳ ಅಣ್ಣತಮ್ಮಂದಿರು ಅನ್ನಿ. ಬೆಂಗಳೂರಿನ ನರ್ಸರಿಗಳಲ್ಲಿ ಪುಟ್ಟ ಕುಂಡದಲ್ಲಿ ಮಾರುವ ಆಫ್ರಿಕನ್ ವಯಲೆಟ್ ಗೊತ್ತಲ್ಲ? ಅದರ ತವರು ಉಸಾಂಬರಾ. 1892ರ ಹೊತ್ತಿಗೆ ಸೇಂಟ್ ಪಾಲ್ ಎಂಬ ಜರ್ಮನ್ ಅಧಿಕಾರಿ ಇಲ್ಲಿ ಕಂಡು ಬೀಜವನ್ನು ಊರಿನಲ್ಲಿದ್ದ ಅಪ್ಪನಿಗೆ ಕಳಿಸಿದ. ಜಗತ್ತಿನ ಕಿಟಕಿಗಳಲ್ಲೆಲ್ಲ ಅರಳುವ ಗಿಡ ತನ್ನ ಕಾಡಿನಲ್ಲೇ ಈಗ ಅಪರೂಪ. ಅದನ್ನೇ ಹುಡುಕಿಕೊಂಡು ಪೂರ್ವ ಉಸಾಂಬರಾದ ಅಮಾನಿಗೆ ಹೋಗೋಣ ಅಂತ ಯಾರಾದರೂ ಆಸೆ ತೋರಿಸಿದರೆ ಈ ಸಲ ಬೇಡ ಅನ್ನಿ, ಆ ದಾರಿಯೇ ಬೇರೆ.

ಮಗಳಿಗೆ ನಿಜವಾದ ಹಬ್ಬ ಗೋಸುಂಬೆ. ಮೂತಿಯ ಮೇಲೆ ಎರಡು ಕೊಂಬಿನವು, ಮೂರು ಕೊಂಬಿನವು ಇಲ್ಲಿ ಇವೆ. ಹಗಲು ಹುಡುಕಿ ಸುಸ್ತಾಗಬೇಡಿ, ರಾತ್ರಿ ಟಾರ್ಚ್ ಹಿಡಿದು ಗೈಡ್ ಜೊತೆ ಹೋಗಿ. ನಿದ್ದೆಯಲ್ಲಿ ಅವು ಬಿಳಿಚಿಕೊಂಡು ಕೊಂಬೆ ತುದಿಗೆ ಅಂಟಿರುತ್ತವೆ, ಬೆಳಕು ಬಿದ್ದರೆ ಎದ್ದು ಕಾಣುತ್ತವೆ. ಹಗಲಲ್ಲಿ ಹುಡುಗರು ಕಡ್ಡಿ ಮೇಲೆ ಗೋಸುಂಬೆ ಕೂರಿಸಿಕೊಂಡು ಫೋಟೋಗೆ ದುಡ್ಡು ಕೇಳುತ್ತಾರೆ, ಕೊಡಬೇಡಿ. ಕೊಟ್ಟರೆ ನಾಳೆ ಇನ್ನೊಂದು ಹಿಡಿಯುತ್ತಾರೆ.

ಗೈಡ್ ವಿಷಯ. ಟಾಂಜಾನಿಯಾದಲ್ಲಿ 1990ರ ದಶಕದ ಮಧ್ಯದಿಂದ ಹಳ್ಳಿಯವರೇ ನಡೆಸುವ ಸಾಂಸ್ಕೃತಿಕ ಪ್ರವಾಸದ ಗುಂಪುಗಳಿವೆ, ಡಚ್ಚರ ನೆರವಿನಿಂದ ಶುರುವಾಗಿದ್ದು. ಲುಶೊಟೊದಲ್ಲಿ ಫ್ರೆಂಡ್ಸ್ ಆಫ್ ಉಸಾಂಬರಾ ಅಂಥದ್ದು, ಅವರು ಗಿಡ ನೆಡುವ ಕೆಲಸವನ್ನೂ ಮಾಡುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗ್ ಹಿಡಿಯುವವನ ಜೊತೆ ಹೋಗುವ ಬದಲು ಅಂಥ ಕಚೇರಿಗೆ ನಡೆದು ಹೋಗಿ, ಹಳ್ಳಿಗೆ ಎಷ್ಟು, ಗೈಡಿಗೆ ಎಷ್ಟು, ಕಾಡಿನ ಪರವಾನಗಿಗೆ ಎಷ್ಟು ಅಂತ ಬಿಡಿಸಿ ಕೇಳಿ. ಬಿಡಿಸಿ ಹೇಳದಿದ್ದರೆ ಎದ್ದು ಬನ್ನಿ. ಲುಶೊಟೊದಲ್ಲಿ ಮುಸ್ಲಿಮರು ಜಾಸ್ತಿ, ಮಗಳಿಗೆ ಚಡ್ಡಿ ಬೇಡ. ಅತ್ತೆಯವರು ಸೀರೆಯಲ್ಲೇ ಇರಲಿ, ಗೌರವ ತಾನಾಗಿ ಸಿಗುತ್ತದೆ. ಹಿರಿಯರನ್ನು ಕಂಡರೆ ಮಕ್ಕಳು "ಶಿಕಾಮೊ" ಅನ್ನಬೇಕು, ಅವರು "ಮರಹಬಾ" ಅನ್ನುತ್ತಾರೆ. ಮಗಳು ಅಷ್ಟು ಕಲಿತರೆ ಅರ್ಧ ಊರು ಗೆದ್ದ ಹಾಗೆ.

ಸ್ವಾಹಿಲಿ ಅಷ್ಟೇನೂ ದೂರದ ಭಾಷೆ ಅಲ್ಲ. ಗಾಡಿಗೆ ಗಾರಿ, ಅಂಗಡಿಗೆ ದುಕಾ, ಚಪಾತಿಗೆ ಚಪಾತಿ, ಲಕ್ಷಕ್ಕೆ ಲಾಕಿ. ಆದರೆ ಗಡಿಯಾರ ಮಾತ್ರ ಮೋಸ ಮಾಡುತ್ತದೆ. ಅವರ ದಿನ ಸೂರ್ಯ ಹುಟ್ಟಿದ ಮೇಲೆ ಶುರು, ನಮ್ಮ ಏಳು ಗಂಟೆಗೆ ಅವರಿಗೆ ಒಂದು. ನಾನು ಹೋದ ಹೊಸದರಲ್ಲಿ ಬಸ್ಸು "ಸಾ ಎಂಬಿಲಿ", ಎರಡು ಗಂಟೆಗೆ ಅಂದರು. ಊಟ ಮಾಡಿ ಆರಾಮಾಗಿ ಮಧ್ಯಾಹ್ನ ಒಂದೂವರೆಗೆ ಹೋಗಿ ನಿಂತೆ. ಬಸ್ಸು ಬೆಳಗ್ಗೆ ಎಂಟಕ್ಕೇ ಹೋಗಿತ್ತು. ಯಾರಾದರೂ ಸಮಯ ಹೇಳಿದರೆ ಬೆಳಗ್ಗೆಯಾ ಸಂಜೆಯಾ ಅಂತ ಕೇಳಿ, ಆರು ಕೂಡಿಸಿ, ಬೆರಳಿನಲ್ಲಿ ತೋರಿಸಿ ಖಾತ್ರಿ ಮಾಡಿಕೊಳ್ಳಿ.

ಊಟದ ಚಿಂತೆ ಅಷ್ಟೊಂದು ಬೇಡ. ಉಗಾಲಿ ಅಂದರೆ ಜೋಳದ, ಅಂದರೆ ಮೆಕ್ಕೆಜೋಳದ, ಬಿಳಿ ಮುದ್ದೆ. ಜೊತೆಗೆ ಮಹರಾಗೆ ಅನ್ನುವ ಹುರುಳಿಕಾಳಿನ ಸಾರು, ಅದು ನಮ್ಮ ಹುರುಳಿ ಅಲ್ಲ, ಬೀನ್ಸ್ ಕಾಳು. ಎಂಚಿಚಾ ಅಂದರೆ ದಂಟಿನ ಸೊಪ್ಪಿನ ಪಲ್ಯ. ಕಾಳು ಮತ್ತು ಜೋಳ ಬೇಯಿಸಿದ್ದು ಮಕಾಂಡೆ. ಚಗ್ಗಾ ಮನೆಯಲ್ಲಿ ಬಾಳೆಕಾಯಿ ಮತ್ತು ಕಾಳು ಸೇರಿಸಿದ ಕಿಬುರು ಕೇಳಿ. ಎಂಟೋರಿ ಅನ್ನುವ ಬಾಳೆಕಾಯಿ ಸಾರು ಮಾತ್ರ ಮುಟ್ಟಬೇಡಿ, ನೋಡಲು ಗಂಜಿ ಹಾಗಿದ್ದರೂ ಅದರಲ್ಲಿ ದನದ ಮಾಂಸ ಇರುತ್ತದೆ. "ಮಾಂಸ ತಿನ್ನಲ್ಲ" ಅಂದರೆ ಸಾಲದು, ಕೋಳಿ ಮೀನು ಅವರ ಲೆಕ್ಕದಲ್ಲಿ ಮಾಂಸ ಅಲ್ಲ. ಪೂರ್ತಿ ವಾಕ್ಯ ಕಲಿಯಿರಿ: "ಸಿಲಿ ನ್ಯಾಮಾ, ವಾಲಾ ಕುಕು, ವಾಲಾ ಸಮಾಕಿ." ಮಾಂಸ ತಿನ್ನಲ್ಲ, ಕೋಳಿಯೂ ಇಲ್ಲ, ಮೀನೂ ಇಲ್ಲ. ಮೊಟ್ಟೆಗೆ ಮಯಾಯಿ, ಬೇಡ ಅಂದರೆ "ಬಿಲಾ ಮಯಾಯಿ".

ಪ್ಯಾಕ್ ಮಾಡುವಾಗ ಪ್ಲಾಸ್ಟಿಕ್ ಚೀಲ ತೆಗೆದಿಡಿ, 2019ರಿಂದ ಆ ದೇಶಕ್ಕೆ ತರುವಂತಿಲ್ಲ. ಚಕ್ಕುಲಿ ಕೋಡುಬಳೆ ಡಬ್ಬಿಯಲ್ಲಿ ಹಾಕಿ. ಮತ್ತೆ, ಅತ್ತೆಯವರಿಗೆ ಬೆಳಗ್ಗೆ ಬೇಕು ಅಂತ ರಾಗಿ ಹಿಟ್ಟು ಮಾತ್ರ ಹೊತ್ತುಕೊಂಡು ಹೋಗಬೇಡಿ. ರಾಗಿಗೆ ಅಲ್ಲಿ ಉಲೇಜಿ ಅನ್ನುತ್ತಾರೆ, ಗಂಜಿಗೆ ಊಜಿ. ಎಲ್ಲೇ ಉಳಿದರೂ ಹಿಂದಿನ ರಾತ್ರಿ "ಊಜಿ ವಾ ಉಲೇಜಿ" ಅಂತ ಹೇಳಿಟ್ಟರೆ ಮಾಡಿಕೊಡುತ್ತಾರೆ. ಅವರು ಸಕ್ಕರೆ ಸುರಿದು ಕೊಡುತ್ತಾರೆ, ಆದ್ದರಿಂದ "ಬಿಲಾ ಸುಕಾರಿ" ಅಂತ ಸೇರಿಸಿ, ಪಕ್ಕಕ್ಕೆ ಸ್ವಲ್ಪ ಚುಂವಿ, ಅಂದರೆ ಉಪ್ಪು, ಒಂದು ಲೋಟ ಎಂಟಿಂಡಿ, ಅಂದರೆ ಹುಳಿ ಮಜ್ಜಿಗೆ ಕೇಳಿ. ಹಸಿಮೆಣಸಿನಕಾಯಿ ಹೇಗೂ ಅಡುಗೆಮನೆಯಲ್ಲೇ ಇರುತ್ತದೆ.